ಗಾಜಿನ ತೊಟ್ಟಿಯೊಳಗೆ ಕಡಲನ್ನು ತಂದವನು: ಫಿಲಿಪ್ ಹೆನ್ರಿ ಗಾಸ್

ಕಡಲು ಇಳಿದ ವೇಳೆಯಲ್ಲಿ ತೀರದ ಬಂಡೆಗಳ ಕಡೆಗೆ ನಾವು ಹೋದರೆ ಮೊದಲು ಕಾಣುವುದು ಪಾಚಿ ಹಿಡಿದ ಬರಿಯ ಕಲ್ಲು ಮಾತ್ರ. ಅಂತಹ ಕಲ್ಲಿನ ಒಂದು ತುಂಡನ್ನು ಕಡಲ ನೀರು ತುಂಬಿದ ಗಾಜಿನ ತೊಟ್ಟಿಯಲ್ಲಿಟ್ಟು ಕೆಲವು ದಿನ ಕಾದು ನೋಡಿದರೆ ಆ ಕಲ್ಲು ನಮಗೆ ಬೇರೆಯಾಗಿ ಕಾಣತೊಡಗುತ್ತದೆ. ಬಿರುಕಿನೊಳಗಿಂದ ಹುಳುವೊಂದು ತಲೆಯೆತ್ತುತ್ತದೆ. ಸಣ್ಣ ಚಿಪ್ಪೊಂದು ಬಾಯ್ದೆರೆದು ಗರಿಯಂತಹ ಕಾಲುಗಳನ್ನು ಬೀಸುತ್ತದೆ. ಕೆಂಪು ಚುಕ್ಕೆಯಂತಿದ್ದುದು ಅರಳಿ ಹೂವಿನಂತಾಗುತ್ತದೆ. ಕರೆಯದೆ ಬಂದ ಈ ಅತಿಥಿಗಳ ಲೋಕವನ್ನು ಜನಸಾಮಾನ್ಯರ ಮನೆಗೆ ತಂದುಕೊಟ್ಟವರಲ್ಲಿ ಅಗ್ರಗಣ್ಯನು ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. ಆತನ ಜೀವನವು ನಮಗೆ ಬೆರಗನ್ನೂ ಎಚ್ಚರಿಕೆಯನ್ನೂ ಒಟ್ಟಿಗೆ ಕಲಿಸುವಂತಹುದು.

ಗಾಸ್ 1810ರ ಏಪ್ರಿಲ್ 6ರಂದು ವೂಸ್ಟರ್ ನಗರದಲ್ಲಿ ಜನಿಸಿದನು. ತಂದೆಯು ಊರಿಂದೂರಿಗೆ ಅಲೆದು ಕಿರುಭಾವಚಿತ್ರಗಳನ್ನು ಬರೆದು ಜೀವಿಸುತ್ತಿದ್ದ ಕಲಾವಿದ. ಮನೆಯಲ್ಲಿ ಬಡತನವಿತ್ತು, ಆದರೆ ಕುಂಚ ಹಿಡಿಯುವ ಕೈಚಳಕವು ಮಗನಿಗೆ ತಂದೆಯಿಂದಲೇ ಬಂದಿತು. ಪೂಲ್ ಎಂಬ ರೇವುಪಟ್ಟಣದಲ್ಲಿ ಬೆಳೆದ ಬಾಲಕನಿಗೆ ಪ್ರಾಣಿಶಾಸ್ತ್ರದ ಮೊದಲ ಗುರು ಅವನ ಸೋದರತ್ತೆ. ಬಂಡೆಗೆ ಅಂಟಿಕೊಂಡು ಹೂವಿನಂತೆ ಅರಳುವ ಅನಿಮೋನಿ ಎಂಬ ಪ್ರಾಣಿಯನ್ನು ಕಡಲ ನೀರಿನ ಪಾತ್ರೆಯಲ್ಲಿ ಇಟ್ಟು ನೋಡಬಹುದೆಂದು ಆಕೆಯೇ ಹೇಳಿಕೊಟ್ಟಳು. ಮುಂದೆ ಆತನು ಮಾಡಿದ ಕಾರ್ಯಕ್ಕೆಲ್ಲ ಆ ಪಾತ್ರೆಯೇ ಬೀಜವೆನ್ನಬೇಕು.

ಶಾಲೆಯಲ್ಲಿ ಬಹುಕಾಲ ಕಲಿಯುವ ಅನುಕೂಲ ಆತನಿಗಿರಲಿಲ್ಲ. 1827ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಹಡಗನ್ನೇರಿ ನ್ಯೂಫೌಂಡ್‌ಲೆಂಡಿಗೆ ಹೋಗಿ ವರ್ತಕರೊಬ್ಬರ ಕಚೇರಿಯಲ್ಲಿ ಗುಮಾಸ್ತನಾದನು. ಹಗಲೆಲ್ಲ ಲೆಕ್ಕದ ಪುಸ್ತಕ. ಬಿಡುವು ದೊರೆತರೆ ಕೀಟಗಳ ಸಂಗ್ರಹ. 1832ರಲ್ಲಿ ಸೂಕ್ಷ್ಮದರ್ಶಕವನ್ನು ಕುರಿತ ಹಳೆಯ ಗ್ರಂಥವೊಂದು ಕೈಗೆ ಬಂದ ಮೇಲಂತೂ ಆತನು ಆ ಅಭ್ಯಾಸಕ್ಕೆ ತನ್ನನ್ನು ಮುಡಿಪಾಗಿಟ್ಟನು. 1835ರಲ್ಲಿ ಕೆನಡಾಕ್ಕೆ ಹೋಗಿ ಬೇಸಾಯ ಮಾಡಿದನು. ಮೂರು ವರ್ಷ ದುಡಿದರೂ ಅದು ಕೈಹತ್ತಲಿಲ್ಲ. ಅಲಬಾಮಾದಲ್ಲಿ ಕೆಲವು ತಿಂಗಳು ಉಪಾಧ್ಯಾಯನಾಗಿದ್ದು 1839ರಲ್ಲಿ ಸ್ವದೇಶಕ್ಕೆ ಮರಳಿದನು. ಸೋತ ರೈತನ ಕಣ್ಣು ಮಾತ್ರ ಸೋತಿರಲಿಲ್ಲ. ಹೊಲದ ಬದುವಿನಲ್ಲಿ ಕಂಡ ಪ್ರಾಣಿ ಪಕ್ಷಿಗಳನ್ನು ಕುರಿತು ಆತನು ಬರೆದ ಗ್ರಂಥವು 1840ರಲ್ಲಿ ಪ್ರಕಟವಾಗಿ ಹೆಸರು ತಂದಿತು. ಅನಂತರ ಜಮೈಕಾ ದ್ವೀಪದಲ್ಲಿ ಒಂದೂವರೆ ವರ್ಷವಿದ್ದು ಅಲ್ಲಿಯ ಹಕ್ಕಿಗಳನ್ನು ಕುರಿತು 1847ರಲ್ಲಿ ಇನ್ನೊಂದು ಗ್ರಂಥವನ್ನು ಹೊರತಂದನು. 1848ರಲ್ಲಿ ಎಮಿಲಿ ಬೋಸ್ ಎಂಬಾಕೆಯನ್ನು ವಿವಾಹವಾದನು; ಮರುವರ್ಷ ಮಗನಾದ ಎಡ್ಮಂಡ್ ಹುಟ್ಟಿದನು.

1852ರಲ್ಲಿ ಆರೋಗ್ಯ ಕೆಟ್ಟು, ಗಾಸ್ ಸಂಸಾರಸಹಿತನಾಗಿ ಡೆವನ್ ಪ್ರಾಂತದ ಕಡಲತೀರಕ್ಕೆ ಬಂದನು. ಆತನ ಜೀವನದ ದೊಡ್ಡ ತಿರುವು ಇದೇ. ಕಡಲ ಜೀವಿಗಳನ್ನು ಮನೆಯಲ್ಲಿ ಸಾಕುವ ಯತ್ನ ಅದಕ್ಕೂ ಹಿಂದೆಯೇ ನಡೆದಿತ್ತು. ಆನಾ ಥಿನ್ ಎಂಬ ಮಹಿಳೆ 1846ರಲ್ಲಿ ಇದೇ ತೀರದಿಂದ ಹವಳಜೀವಿಗಳನ್ನು ಲಂಡನ್ನಿಗೆ ಒಯ್ದಿದ್ದಳು. ನೀರು ಕೆಡದಿರಲೆಂದು ಅದನ್ನು ಕಿಟಕಿಯ ಬಳಿ ಪಾತ್ರೆಯಿಂದ ಪಾತ್ರೆಗೆ ಬಹಳ ಹೊತ್ತು ಸುರಿಯಬೇಕಾಗುತ್ತಿತ್ತು. ಮರುವರ್ಷ ಪಾಚಿ ಬೆಳೆದ ಕಲ್ಲಿನ ತುಂಡುಗಳನ್ನು ತರಿಸಿ ಅದೇ ನೀರಿನಲ್ಲಿಟ್ಟಳು. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು 1850ರ ಸುಮಾರಿಗೆ ಇದರ ಮರ್ಮವನ್ನು ಪ್ರಯೋಗದಿಂದ ತೋರಿಸಿದನು: ಬೆಳಕಿನಲ್ಲಿ ಸಸ್ಯವು ಬಿಡುವ ಆಮ್ಲಜನಕದಿಂದ ಪ್ರಾಣಿಯು ಉಸಿರಾಡುತ್ತದೆ, ಪ್ರಾಣಿಯು ಬಿಡುವ ಇಂಗಾಲಾಮ್ಲವನ್ನು ಸಸ್ಯವು ಬಳಸಿಕೊಳ್ಳುತ್ತದೆ. ಗಾಸ್ ಇದೇ ತತ್ತ್ವವನ್ನು ಕಡಲ ನೀರಿನಲ್ಲಿ ತಾನೂ ಪರೀಕ್ಷಿಸಿ, ಯಾರಾದರೂ ಮಾಡಬಹುದಾದ ವಿಧಾನವನ್ನಾಗಿ ರೂಪಿಸಿದನು.

ಆ ವಿಧಾನದ ಮುಖ್ಯ ಸಲಕರಣೆಗಳು ಸುತ್ತಿಗೆ ಮತ್ತು ಉಳಿ. ಕಡಲ ಪಾಚಿಗೆ ನೆಲದ ಗಿಡಗಳಂತೆ ಸಾರ ಹೀರುವ ಬೇರಿಲ್ಲ; ಅದು ಕಲ್ಲನ್ನು ಹಿಡಿದುಕೊಂಡು ನಿಂತಿರುತ್ತದೆ. ಅದನ್ನು ಕಿತ್ತರೆ ಸತ್ತು ಕೊಳೆತು ನೀರನ್ನು ಕೆಡಿಸುತ್ತದೆ. ಆದುದರಿಂದ ಪಾಚಿ ಹಿಡಿದಿರುವ ಕಲ್ಲನ್ನೇ ಚೂರು ಚೂರಾಗಿ ಒಡೆದು ತರಬೇಕು. ಹೀಗೆ ತಂದಾಗ ಕಲ್ಲಿನ ಸಂದುಗಳಲ್ಲಿ ಅಡಗಿದ ಹುಳುಗಳು, ಸುರುಳಿ ಕೊಳವೆಯಲ್ಲಿ ವಾಸಿಸುವ ಜೀವಿಗಳು, ಸ್ಪಂಜು, ಎಳೆಯ ಏಡಿ, ಕಣ್ಣಿಗೆ ಬೀಳದ ಮೊಟ್ಟೆಗಳು ಎಲ್ಲವೂ ಜೊತೆಯಲ್ಲಿ ಬರುತ್ತವೆ. ಬಯಸಿದ್ದು ಒಂದು ಪಾಚಿ, ಬಂದದ್ದು ಒಂದು ಊರು! ಅವುಗಳಲ್ಲಿ ಸಾಧುಗಳೂ ಇರುತ್ತವೆ, ನೆರೆಯವರನ್ನು ತಿನ್ನುವ ಕಳ್ಳರೂ ಇರುತ್ತವೆ. ಗಾಸ್ ಇಂತಹ ಕಿರುಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತನ್ನ ಕೈಯಿಂದಲೇ ಚಿತ್ರಿಸುತ್ತಿದ್ದನು.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ತೆರೆದ ಮತ್ಸ್ಯಗೃಹಕ್ಕೆ ಆತನು ಅನೇಕ ಕಡಲ ಜೀವಿಗಳನ್ನು ಒದಗಿಸಿದನು. 1854ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇಂತಹ ತೊಟ್ಟಿಗೆ 'ಅಕ್ವೇರಿಯಂ' ಎಂಬ ಹೆಸರನ್ನು ಬಳಕೆಗೆ ತಂದನು. ಅದೇ ವರ್ಷ ಅಡಿಗೆಯ ಉಪ್ಪಿಗೆ ಇನ್ನೂ ಮೂರು ಲವಣಗಳನ್ನು ಸೇರಿಸಿ ಕಡಲ ನೀರನ್ನು ಕೃತಕವಾಗಿ ತಯಾರಿಸುವ ಕ್ರಮವನ್ನೂ ತಿಳಿಸಿದನು. ಕಡಲಿನಿಂದ ದೂರವಿದ್ದವರ ಮನೆಯಲ್ಲಿಯೂ ಕಡಲು ನೆಲಸಿತು. 1856ರಲ್ಲಿ ಆತನು ರಾಯಲ್ ಸೊಸೈಟಿಯ ಸದಸ್ಯನಾದನು.

ಸುಖವು ಬಹುಕಾಲ ನಿಲ್ಲಲಿಲ್ಲ. 1857ರ ಫೆಬ್ರುವರಿಯಲ್ಲಿ ಎಮಿಲಿ ಕ್ಯಾನ್ಸರ್ ರೋಗದಿಂದ ತೀರಿಕೊಂಡಳು. ಗಾಸ್ ಶ್ರದ್ಧಾಳು ಕ್ರೈಸ್ತನು. ಭೂಮಿಯ ಪ್ರಾಚೀನತೆಯನ್ನು ಸಾರುವ ಶಿಲೆಗಳಿಗೂ ತನ್ನ ಧರ್ಮಗ್ರಂಥಕ್ಕೂ ಹೊಂದಿಕೆ ತರಲೆಂದು, ದೇವರು ಭೂಮಿಯನ್ನು ಹಳೆಯದರ ಗುರುತುಗಳೊಡನೆಯೇ ಸೃಷ್ಟಿಸಿದನೆಂದು ವಾದಿಸಿ ಅದೇ ವರ್ಷ ಒಂದು ಪುಸ್ತಕವನ್ನು ಬರೆದನು. ವಿಜ್ಞಾನಿಗಳೂ ಒಪ್ಪಲಿಲ್ಲ, ಧಾರ್ಮಿಕರೂ ಒಪ್ಪಲಿಲ್ಲ. ಎಮಿಲಿ ತೀರಿಕೊಂಡ ವರ್ಷವೇ ಗಾಸ್ ಮಗನನ್ನು ಕರೆದುಕೊಂಡು ಡೆವನ್ ತೀರದ ಸೇಂಟ್ ಮೇರಿಚರ್ಚ್ ಗ್ರಾಮದಲ್ಲಿ ನೆಲಸಿದನು. ತಂದೆ ಮಗ ಇಬ್ಬರೂ ಮೊಣಕಾಲುದ್ದ ನೀರಿನಲ್ಲಿ ನಿಂತು ಬಂಡೆಗಳನ್ನು ಶೋಧಿಸುತ್ತಿದ್ದರು. ಒಮ್ಮೆ ಬಾಲಕನಾದ ಎಡ್ಮಂಡನೇ ತಂದೆಗೂ ಗೊತ್ತಿಲ್ಲದ ಒಂದು ಬಗೆಯ ಅನಿಮೋನಿಯನ್ನು ಕಂಡುಹಿಡಿದನು. ಬ್ರಿಟನ್ನಿನ ಅನಿಮೋನಿಗಳನ್ನೂ ಹವಳಗಳನ್ನೂ ಕುರಿತ ಗಾಸನ ಮಹಾಗ್ರಂಥವು 1860ರಲ್ಲಿ ಪೂರ್ಣವಾಯಿತು.

ಆದರೆ ಆತನ ಗೆಲುವೇ ಆತನ ದುಃಖಕ್ಕೆ ಕಾರಣವಾಯಿತು. ಪುಸ್ತಕಗಳನ್ನು ಓದಿದ ಸಾವಿರಾರು ಜನ ಸುತ್ತಿಗೆ, ಉಳಿ, ಬುಟ್ಟಿಗಳನ್ನು ಹಿಡಿದು ತೀರಕ್ಕೆ ಧಾವಿಸಿದರು. ಶತಮಾನಗಳಿಂದ ಯಾರೂ ಮುಟ್ಟದೆ ಇದ್ದ ಬಂಡೆಯ ಕೊಳಗಳು ಕೆಲವೇ ವರ್ಷಗಳಲ್ಲಿ ಬರಿದಾದವು. ಕೊಂಡೊಯ್ದ ಜೀವಿಗಳಲ್ಲಿ ಹಲವು ಅರಿಯದವರ ಕೈಯಲ್ಲಿ ಸತ್ತವು. ಇದನ್ನು ಕಣ್ಣಾರೆ ಕಂಡು ತಂದೆಯು ಎಷ್ಟು ನೊಂದನೆಂಬುದನ್ನು ಎಡ್ಮಂಡ್ 1907ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ತಿಳಿಸಿದ್ದಾನೆ. ಗಾಸ್ 1888ರ ಆಗಸ್ಟ್ 23ರಂದು ಕಾಲವಾದನು.

ಆತನು ತಂದ ಕಲ್ಲುಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇಂದು ಮನೆಯ ಕಡಲ ತೊಟ್ಟಿಗಳಲ್ಲಿ ಇಡುವ ಇಂತಹ ಕಲ್ಲನ್ನು ಜೀವಂತ ಶಿಲೆಯೆನ್ನುತ್ತಾರೆ. ಅದರಲ್ಲಿರುವ ಬ್ಯಾಕ್ಟೀರಿಯಗಳು ಪ್ರಾಣಿಗಳ ಮಲಿನದಿಂದ ಹುಟ್ಟುವ ಅಮೋನಿಯ ವಿಷವನ್ನು ಕಳೆಯುತ್ತವೆಂಬ ಸಂಗತಿ 1854ರಲ್ಲಿ ಯಾರಿಗೂ ತಿಳಿದಿರಲಿಲ್ಲ. ಅತಿಥಿಗಳಂತೂ ಈಗಲೂ ಕರೆಯದೆ ಬರುತ್ತಾರೆ. ಡೆವನ್ನಿನ ನೆರೆಯ ಕಾರ್ನ್‌ವಾಲಿನಲ್ಲಿ, ನ್ಯೂಕ್ವೇ ಊರಿನ ಜಲಜೀವಿ ಸಂಗ್ರಹಾಲಯದಲ್ಲಿ, ಹವಳಗಳು ತುಂಡಾಗುತ್ತಿದ್ದ ಕಾರಣವನ್ನು ಹುಡುಕಿ 2009ರಲ್ಲಿ ತೊಟ್ಟಿಯ ಕಲ್ಲುಗಳನ್ನೆಲ್ಲ ತೆಗೆದಾಗ ಸುಮಾರು ನಾಲ್ಕು ಅಡಿ ಉದ್ದದ ಕಡಲ ಹುಳುವೊಂದು ಸಿಕ್ಕಿತು.

ಮುಂಬಯಿಯಲ್ಲಿ ಓದುವ ನಮಗೂ ಕಡಲು ದೂರವಿಲ್ಲ. ಹಾಜಿ ಅಲಿ, ವರ್ಲಿಗಳ ಬಂಡೆಗಳಲ್ಲಿಯೂ ಹವಳಜೀವಿಗಳಿವೆ. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹವಳಗಳನ್ನು ಕಾಪಾಡುತ್ತದೆ. ಹಿರಿಯರ ಜೊತೆಯಲ್ಲಿ ಇಳಿತದ ವೇಳೆಗೆ ಹೋಗಿ, ಬಾಗಿ ಕುಳಿತು, ಕಣ್ತುಂಬ ನೋಡೋಣ. ಎತ್ತಿದ ಕಲ್ಲನ್ನು ಇದ್ದಂತೆಯೇ ಇದ್ದಲ್ಲಿಯೇ ಇಟ್ಟು ಬರೋಣ. ಗಾಸನ ಕಣ್ಣು ನಮಗಿರಲಿ. ಆತನ ಕೊನೆಗಾಲದ ನೋವು ನಮ್ಮ ತೀರಕ್ಕೆ ಬಾರದಿರಲಿ.