ಗಾಜಿನ ತೊಟ್ಟಿಗೆ ಕಡಲನ್ನು ತಂದ ಫಿಲಿಪ್ ಹೆನ್ರಿ ಗಾಸ್

ಮಕ್ಕಳೇ, ಕಿತ್ತಳೆ ಬಣ್ಣದ ಮೈಮೇಲೆ ಬಿಳಿ ಪಟ್ಟೆಗಳಿರುವ ಕ್ಲೌನ್ ಮೀನಿನ ಚಿತ್ರವನ್ನು ನೀವು ನೋಡಿರಬಹುದು. ಹವಳದ ದಿಬ್ಬಗಳಲ್ಲಿ ವಾಸಿಸುವ ಇಂಥ ಮೀನುಗಳನ್ನು ಇಂದು ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂನಲ್ಲಿ ಸಾಕುತ್ತಾರೆ. ಆದರೆ ಇನ್ನೂರು ವರ್ಷಗಳ ಹಿಂದೆ ಕಡಲ ಜೀವಿಗಳನ್ನು ಮನೆಗೆ ತಂದರೆ ಅವು ಬೇಗನೆ ಸಾಯುತ್ತಿದ್ದವು. ಏಕೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಪ್ರಮುಖರು.

ಗಾಸ್ ಜನಿಸಿದ್ದು 1810ರ ಏಪ್ರಿಲ್ 6ರಂದು. ತಂದೆ ಊರೂರು ಸುತ್ತಿ ಪುಟ್ಟ ಭಾವಚಿತ್ರಗಳನ್ನು ಬರೆಯುತ್ತಿದ್ದ ಕಲಾವಿದರು. ಗಾಸ್ 17ನೇ ವಯಸ್ಸಿಗೇ ಹಡಗು ಹತ್ತಿ, ಈಗ ಕೆನಡಾಕ್ಕೆ ಸೇರಿರುವ ನ್ಯೂಫೌಂಡ್‌ಲ್ಯಾಂಡಿಗೆ ಹೋಗಿ ಗುಮಾಸ್ತರಾದರು. ಬಿಡುವಿನಲ್ಲಿ ಕೀಟಗಳನ್ನು ಗಮನಿಸಿ ಚಿತ್ರ ಬರೆದರು. ಮುಂದೆ ಅಮೆರಿಕದ ಅಲಬಾಮದಲ್ಲಿ ಶಿಕ್ಷಕರಾದರು. ಜಮೈಕಾದಲ್ಲಿ ಪಕ್ಷಿಗಳ ಅಧ್ಯಯನ ಮಾಡಿದರು.

1852ರಲ್ಲಿ ಆರೋಗ್ಯ ಕೆಟ್ಟು, ಇಂಗ್ಲೆಂಡಿನ ಡೆವನ್ ಕಡಲತೀರಕ್ಕೆ ಬಂದರು. ಕಡಲು ಇಳಿದಾಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ನೀರು ಉಳಿಯುತ್ತದೆ. ಅಲ್ಲಿ ಏಡಿ, ಸೀಗಡಿ, ಹೂವಿನಂತೆ ಅರಳುವ ಸೀ ಅನಿಮೋನ್ ಎಂಬ ಪ್ರಾಣಿ ಎಲ್ಲವೂ ಇದ್ದವು. ಅವುಗಳನ್ನು ಜೀವಂತವಾಗಿ ಸಾಕಲು ಗಾಸ್ ಬಯಸಿದರು.

ಪ್ರಾಣಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿ ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತವೆ. ಸಣ್ಣ ಪಾತ್ರೆಯಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಹಸಿರು ಸಸ್ಯಗಳು ಬೆಳಕಿನಲ್ಲಿ ಆಮ್ಲಜನಕವನ್ನು ಕೊಡುತ್ತವೆ. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನವಿಜ್ಞಾನಿ 1850ರಲ್ಲಿ ಸಿಹಿನೀರಿನಲ್ಲಿ ಈ ಸಮತೋಲನವನ್ನು ತೋರಿಸಿದ್ದರು. ಗಾಸ್ ಕಡಲ ಪಾಚಿಗಳನ್ನು ಜೊತೆಗಿಟ್ಟು ಉಪ್ಪುನೀರಿನಲ್ಲಿ ಸಾಧಿಸಿದರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆದಾಗ, ಅದಕ್ಕೆ ಕಡಲ ಜೀವಿಗಳನ್ನು ಒದಗಿಸಿದರು. 1854ರ ಅವರ ಪುಸ್ತಕದಿಂದ ಅಕ್ವೇರಿಯಂ ಎಂಬ ಹೆಸರು ಮನೆಮಾತಾಯಿತು. ನಾಲ್ಕು ಬಗೆಯ ಲವಣಗಳನ್ನು ಬೆರೆಸಿ ಕೃತಕ ಕಡಲ ನೀರನ್ನೂ ಅವರು ತಯಾರಿಸಿದರು!

ಮುಂದೇನಾಯಿತು ಗೊತ್ತೇ? ಸಾವಿರಾರು ಜನ ಬುಟ್ಟಿ, ಜಾಡಿ ಹಿಡಿದು ಕಡಲತೀರಕ್ಕೆ ಧಾವಿಸಿದರು. ಜೀವಿಗಳಿಂದ ತುಂಬಿದ್ದ ಗುಂಡಿಗಳು ಬರಿದಾದವು. ತಮ್ಮ ಪುಸ್ತಕಗಳೇ ಇದಕ್ಕೆ ಕಾರಣವಾದವೆಂದು ಗಾಸ್ ಬಹಳ ನೊಂದರೆಂದು ಅವರ ಮಗ ಎಡ್ಮಂಡ್ ಬರೆದಿದ್ದಾರೆ. ಗಾಸ್ 1888ರಲ್ಲಿ ನಿಧನರಾದರು.

ಈ ಮಾತು ಇಂದಿಗೂ ಮುಖ್ಯ. ಕ್ಲೌನ್ ಮೀನುಗಳನ್ನು ಈಗ ತೊಟ್ಟಿಗಳಲ್ಲೇ ಮರಿ ಮಾಡಿಸುತ್ತಾರೆ. ಆದರೆ ಬೇರೆ ಅನೇಕ ಬಣ್ಣದ ಮೀನುಗಳನ್ನು ಹವಳದ ದಿಬ್ಬಗಳಿಂದಲೇ ಹಿಡಿದು ತರುತ್ತಾರೆ. ತೊಟ್ಟಿಯ ಸಮತೋಲನದಷ್ಟೇ ಕಡಲಿನ ಸಮತೋಲನವೂ ಮುಖ್ಯವಲ್ಲವೇ?

ಮಾಡಿ ನೋಡಿ: ಗಾಜಿನ ಲೋಟದಲ್ಲಿ ನೀರು ತುಂಬಿ, ಹೈಡ್ರಿಲ್ಲಾ ಸಸ್ಯದ ಒಂದು ಎಳೆಯನ್ನು ಮುಳುಗಿಸಿ ಬಿಸಿಲಿನಲ್ಲಿಡಿ. ಗುಳ್ಳೆಗಳು ಏಳುತ್ತವೆಯೇ? ನಂತರ ಕತ್ತಲಲ್ಲಿಟ್ಟು ನೋಡಿ. ಏನು ವ್ಯತ್ಯಾಸ? ಕಾರಣವನ್ನು ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.