ಗುರು ಒಬ್ಬರೇ, ಕಲಿಸಿದ ಯೋಗ ಬ್ಯಾರೆ ಬ್ಯಾರೆ: ತಿರುಮಲೈ ಕೃಷ್ಣಮಾಚಾರ್ಯರ ಬದುಕು

ತಿಮ್ಮಾಪುರ: ಜೂನ್ 21 ಹತ್ತಿರ ಬಂತೆಂದರೆ ಸಾಲಿ ಮೈದಾನದಾಗ, ಗುಡಿ ಪೌಳಿಯೊಳಗ ಚಾಪೆ ಹಾಸುತ್ತಾರೆ. ಒಂದು ದಿನ ಎಲ್ಲರೂ ಕೂಡಿ ಕೈಕಾಲು ಆಡಿಸಿ ಮನೆಗೆ ಹೋಗುತ್ತಾರೆ. ಮುಂದುವರಿಸೋಣ ಅಂತ ಮೊಬೈಲ್ ತೆಗೆದರೆ ಅಷ್ಟಾಂಗ ವಿನ್ಯಾಸ, ಅಯ್ಯಂಗಾರ್ ಯೋಗ, ವಿನಿಯೋಗ ಅಂತ ಹತ್ತಾರು ಹೆಸರು. ದಿನವಿಡೀ ಗಲ್ಲಾ ಮ್ಯಾಲೆ ಕುಂತವರಿಗೆ ಯಾವುದು? ಬನಹಟ್ಟಿಯಲ್ಲಿ ಮಗ್ಗದ ಮುಂದೆ ನಿಂತವರಿಗೆ ಯಾವುದು? ಕಬ್ಬು ಕಡಿದು ನಡ ಹಿಡಿದವರಿಗೆ ಯಾವುದು? ಈ ಮೂರೂ ಹೆಸರಿನ ಬೇರು ಹುಡುಕುತ್ತ ಹೋದರೆ ಸಿಗುವುದು ಒಬ್ಬನೇ ಮನುಷ್ಯ, ಅದೂ ಕನ್ನಡ ನಾಡಿನವ.

ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ತಂದೆ ವೇದ ಕಲಿಸುವವರು. ಹುಡುಗನಿಗೆ ಹತ್ತು ವರ್ಷ ಆಗುವ ಹೊತ್ತಿಗೆ ತಂದೆ ತೀರಿಕೊಂಡರು, ಮನೆತನ ಮೈಸೂರು ಸೇರಿತು. ಅಲ್ಲಿ ಪರಕಾಲ ಮಠದಲ್ಲಿ ಓದು, ಮುಂದೆ ಕಾಶಿಯಲ್ಲಿ ಓದು. ಮಾನಸ ಸರೋವರದ ಸೀಮೆಯಲ್ಲಿ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಬಳಿ ಏಳೂವರೆ ವರ್ಷ ಯೋಗ ಕಲಿತರೆಂದು ಅವರ ಪರಂಪರೆ ಹೇಳುತ್ತದೆ.

ಇಷ್ಟೆಲ್ಲ ಕಲಿತು ಬಂದವರಿಗೆ ಊರಲ್ಲಿ ಸಿಕ್ಕ ಕೆಲಸ ಏನು? ಹಾಸನ ಸೀಮೆಯ ಕಾಫಿ ತೋಟದ ಉಸ್ತುವಾರಿ. ಆಗ ಯೋಗವೆಂದರೆ ಬೈರಾಗಿಗಳ ಬಾಬತ್ತು, ಸಂಸಾರಸ್ಥರು ಅದರ ಗೊಡವೆಗೆ ಹೋಗುತ್ತಿರಲಿಲ್ಲ. 1925ರಲ್ಲಿ ನಾಮಗಿರಿಯಮ್ಮನವರನ್ನು ಮದುವೆಯಾಗಿ ಸಂಸಾರ ಹೂಡಿದ್ದವರು ತೋಟದ ಕೆಲಸ ಮಾಡುತ್ತಲೇ ಬಿಡುವಾದಾಗ ಯೋಗದ ಬಗ್ಗೆ ಮಾತಾಡಿ, ಆಸನ ಮಾಡಿ ತೋರಿಸುತ್ತಿದ್ದರು. 1927ರಲ್ಲಿ ಹಾಸನದಲ್ಲಿ ಅಂಥದೊಂದು ಪ್ರದರ್ಶನ ನೋಡಿ ಬೆರಗಾದ 12 ವರ್ಷದ ಹುಡುಗನೊಬ್ಬ ಮರುದಿನವೇ ಅವರ ಬೆನ್ನು ಹತ್ತಿದ. ಅವನೇ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸ್.

ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಕಣ್ಣಿಗೆ ಬಿದ್ದ ಮೇಲೆ ದಿನಮಾನ ತಿರುಗಿದವು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಮರುವರ್ಷ ಯೋಗ ಮಕರಂದ ಎಂಬ ಪುಸ್ತಕ ಬಂತು. ಇವತ್ತು ಜಗತ್ತಿನಾದ್ಯಂತ ಯೋಗ ಕಲಿಸುವವರು ಹುಡುಕಿ ಓದುವ ಈ ಪುಸ್ತಕ ಮೊದಲು ಅಚ್ಚಾಗಿದ್ದು ಕನ್ನಡದಲ್ಲಿ.

ಯೋಗಶಾಲೆಗೆ ಬರುತ್ತಿದ್ದವರು ಹೆಚ್ಚಾಗಿ ಎಳೆ ಹುಡುಗರು. ಮೈಯಲ್ಲಿ ಕಸುವು, ಒಂದೆಡೆ ನಿಲ್ಲದ ಕಾಲು. ಅವರಿಗೆ ತಕ್ಕಂತೆ ಗುರುಗಳು ಕಲಿಸಿದ್ದು ಜಿಗಿದು, ಬಾಗಿ, ಉಸಿರಿನ ಲೆಕ್ಕಕ್ಕೆ ಒಂದರ ಹಿಂದೊಂದು ಆಸನ ಜೋಡಿಸುವ ಬಿರುಸಿನ ಯೋಗ. ನಮ್ಮ ಕಡೆಯ ಗರಡಿ ಮನೆಯ ಸಾಮು ನೋಡಿದವರಿಗೆ ಅದು ಅಷ್ಟೇನೂ ಹೊಸದು ಅನ್ನಿಸಲಿಕ್ಕಿಲ್ಲ. ಗಟ್ಟಿಮುಟ್ಟಾಗಿದ್ದ ಪಟ್ಟಾಭಿ ಜೋಯಿಸರಿಗೆ ಅದು ಹೇಳಿ ಮಾಡಿಸಿದಂತೆ ಒಗ್ಗಿತು. ಅವರು ಮುಂದೆ ಮೈಸೂರಲ್ಲೇ ನಿಂತು ಕಲಿಸಿದ್ದೇ ಅಷ್ಟಾಂಗ ವಿನ್ಯಾಸ.

ಅದೇ ಬಿರುಸು ಇನ್ನೊಬ್ಬ ಹುಡುಗನಿಗೆ ಮುಳುವಾಯಿತು. ನಾಮಗಿರಿಯಮ್ಮನವರ ತಮ್ಮ, ಕೋಲಾರ ಜಿಲ್ಲೆ ಬೆಳ್ಳೂರಿನ ಸುಂದರರಾಜ, 1934ರಲ್ಲಿ ಅಕ್ಕನ ಮನೆಗೆ ಬಂದಾಗ ಎಲುಬಿನ ಹಂದರ. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಉಂಡು ಎದ್ದ ಮೈ, ಬಗ್ಗಿದರೆ ಕೈ ಮೊಣಕಾಲು ದಾಟುತ್ತಿರಲಿಲ್ಲ. ಬಹಳ ದಿನ ಗುರುಗಳು ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕಲಿಸಿದಾಗಲೂ ಕನಿಕರ ಇರಲಿಲ್ಲ. ಒಮ್ಮೆ ಎಲ್ಲರೆದುರು ತಯಾರಿಯಿಲ್ಲದೆ ಎರಡೂ ಕಾಲು ನೀಳಕ್ಕೆ ಚಾಚುವ ಹನುಮಾನಾಸನ ಮಾಡಿಸಿದರು. ತೊಡೆಯ ಹಿಂದಿನ ಸ್ನಾಯು ಹರಿದು ಆಮೇಲೆ ಬಹುಕಾಲ ನಡೆಯೋದೇ ಕಷ್ಟವಾಯಿತೆಂದು ಆ ಹುಡುಗನೇ ದೊಡ್ಡವನಾದ ಮೇಲೆ ಹೇಳಿಕೊಂಡಿದ್ದಾರೆ. ಗುರು ದೊಡ್ಡವರೆಂದ ಮಾತ್ರಕ್ಕೆ ಇದು ತಪ್ಪಲ್ಲ ಅನ್ನಲಿಕ್ಕಾಗದು.

ಆ ಹುಡುಗನೇ ಬಿ.ಕೆ.ಎಸ್. ಅಯ್ಯಂಗಾರ್. ಅವರ ಕಥೆಯ ತಿರುವು ಇರುವುದು ನಮ್ಮ ಉತ್ತರ ಕರ್ನಾಟಕದಲ್ಲೇ. 1936ರಲ್ಲಿ ಗುರುಗಳು ಶಿಷ್ಯರನ್ನು ಕಟ್ಟಿಕೊಂಡು ಈ ಕಡೆ ಪ್ರವಾಸ ಬಂದರು. ಧಾರವಾಡದಲ್ಲಿ ಹೆಣ್ಣುಮಕ್ಕಳು ತಾವೂ ಕಲಿಯಬೇಕೆಂದಾಗ, ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವನೆಂದು ಅಯ್ಯಂಗಾರರನ್ನೇ ಕಲಿಸಲು ಹಚ್ಚಿದರು. ಬೆಳಗಾವಿಯ ಸಿವಿಲ್ ಸರ್ಜನ್ ಡಾ. ವಿ.ಬಿ. ಗೋಖಲೆ ಆ ಪ್ರದರ್ಶನಗಳನ್ನು ಮೆಚ್ಚಿ, 1937ರಲ್ಲಿ ಅಯ್ಯಂಗಾರರನ್ನು ಪುಣೆಗೆ ಕರೆಸಿಕೊಂಡರು. ಆರು ತಿಂಗಳ ಮಟ್ಟಿಗೆ ಹೋದವರು ಅಲ್ಲೇ ನೆಲೆಸಿದರು. ನೋವುಂಡ ಮೈಯಿಂದಲೇ ಪಾಠ ಕಲಿತವರು ಹಗ್ಗ, ಪಟ್ಟಿ, ಕಟ್ಟಿಗೆ ತುಂಡು, ಕುರ್ಚಿ ಆಸರೆ ಕೊಟ್ಟು, ಬಗ್ಗದವರೂ ಮಾಡಬಹುದಾದ ಯೋಗ ಕಟ್ಟಿದರು. ಅವಸರವಿಲ್ಲ, ಜಿಗಿತವಿಲ್ಲ, ಒಂದೊಂದು ಆಸನದಲ್ಲೂ ನಿಂತು ಎಲುಬು, ಕೀಲು ಸರಿಯಿವೆಯೇ ಎಂದು ನೋಡುವ ಪದ್ಧತಿ.

ಅದೇ ದಶಕದ ಕೊನೆಗೆ ಮೈಸೂರಿಗೆ ಬಂದ ವಿದೇಶಿ ಹೆಣ್ಣುಮಗಳು ಇಂದ್ರಾದೇವಿ. ವಿದೇಶಿಯರಿಗೂ ಹೆಂಗಸರಿಗೂ ಕಲಿಸುವುದಿಲ್ಲವೆಂದು ಗುರುಗಳು ಕೈಚೆಲ್ಲಿದರು. ಮಹಾರಾಜರ ಮಾತಿಗೆ ಕಟ್ಟುಬಿದ್ದು ಒಪ್ಪಿದರೂ ಊಟ, ನಿದ್ದೆಗೆಲ್ಲ ಕಟ್ಟುನಿಟ್ಟು ಹಾಕಿದರು. ಆಕೆ ಓಡಿಹೋಗಲಿಲ್ಲ. ಕೊನೆಗೆ ನೀನೂ ಕಲಿಸು ಎಂದು ಗುರುಗಳೇ ಕಳಿಸಿದರು; ಆಕೆ ಹಾಲಿವುಡ್ಡಿನಲ್ಲಿ ಶಾಲೆ ತೆರೆದು ಸೌಮ್ಯವಾದ ಯೋಗ ಹೇಳಿಕೊಟ್ಟರು.

ಅರಸೊತ್ತಿಗೆ ಹೋಯಿತು, 1950ರಲ್ಲಿ ಯೋಗಶಾಲೆಗೆ ಬೀಗ ಬಿತ್ತು. ಅರವತ್ತು ದಾಟಿದ ಕೃಷ್ಣಮಾಚಾರ್ಯರು ಮದ್ರಾಸಿಗೆ ಹೋದರು. ಅಲ್ಲಿ ಬಾಗಿಲಿಗೆ ಬಂದವರು ಅರಮನೆಯ ಹುಡುಗರಲ್ಲ. ಪಾರ್ಶ್ವವಾಯು ಬಡಿದವರು, ಬೆನ್ನು ನೋವಿನವರು, ನಿದ್ದೆ ಬಾರದವರು. ಗುರುಗಳೂ ಬದಲಾದರು. ನಾಡಿ ಹಿಡಿದು ನೋಡುವುದು, ಉಸಿರು ಗಮನಿಸುವುದು; ವಯಸ್ಸು, ಉದ್ಯೋಗ, ಇರುವ ಊರು, ನಡೆದಿರುವ ಕಾಲ ನೋಡಿ ಒಬ್ಬೊಬ್ಬರಿಗೆ ಒಂದೊಂದು ಕ್ರಮ. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ.

1960ರ ದಶಕದ ಆರಂಭದಲ್ಲಿ ಒಂದು ಮುಂಜಾನೆ ವಿದೇಶಿ ಹೆಂಗಸೊಬ್ಬಳು ಕಾರಿನಿಂದಿಳಿದು ಓಡಿಬಂದು ಈ ಮಡಿವಂತ ಮುದುಕರನ್ನು ತಬ್ಬಿಕೊಂಡಳು. ಎಂಜಿನಿಯರಿಂಗ್ ಓದಿದ್ದ ಮಗ ದೇಶಿಕಾಚಾರ್ ಕಣ್ಣು ಬಿಟ್ಟುಕೊಂಡು ನೋಡಿದ. ಆಕೆಗೆ ಎಷ್ಟೋ ವರ್ಷಗಳ ಮೇಲೆ ಆ ರಾತ್ರಿ ಗುಳಿಗೆಯಿಲ್ಲದೆ ನಿದ್ದೆ ಬಂದಿತ್ತಂತೆ. ಮಗ ಎಂಜಿನಿಯರ್ ಕೆಲಸದ ಆಸೆ ಬಿಟ್ಟು ಅಪ್ಪನ ಮುಂದೆ ಶಿಷ್ಯನಾಗಿ ಕುಂತ. ವಿನಿಯೋಗ ಎಂಬ ಹೆಸರಿನಲ್ಲಿ ಮುಂದೆ ಹರಡಿದ್ದು ಇದೇ, ಮೈಗೆ ತಕ್ಕಂತೆ ಆಸನ ಕತ್ತರಿಸಿ ಹೊಲಿಯುವ ಪದ್ಧತಿ. 1976ರಲ್ಲಿ ಮದ್ರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರ ಎದ್ದು ನಿಂತಿತು.

96ನೇ ವಯಸ್ಸಿನಲ್ಲಿ ಗುರುಗಳು ಬಿದ್ದು ಸೊಂಟದ ಎಲುಬು ಮುರಿಯಿತು. ಆಪರೇಷನ್ ಬೇಡವೆಂದು ಹಟ ಹಿಡಿದರು. ಮೈಸೂರಿನ ಹುಡುಗರಿಗೆ ಗಾಳಿಯಲ್ಲಿ ಜಿಗಿಸಿದ್ದ ಮನುಷ್ಯ ತನಗಾಗಿ ಕಟ್ಟಿಕೊಂಡದ್ದು, ಹಾಸಿಗೆ ಬಿಟ್ಟು ಏಳದೆ ಮಾಡಬಹುದಾದ ಅಭ್ಯಾಸ. ನೂರು ತುಂಬಿದ ಮೇಲೆ, 1989ರ ಫೆಬ್ರುವರಿ 28ರಂದು, ತೀರಿಕೊಂಡರು.