ಜಾನ್ ಲೌಡನ್ ಮೆಕಾಡಂ (1756–1836)

ರಸ್ತೆ ಕಾಮಗಾರಿಗಳ ಅಂದಾಜು ಪಟ್ಟಿಗಳಲ್ಲಿ ಕಂಡುಬರುವ ‘ಮೆಕಾಡಂ’ ಎಂಬ ಪದವು ಒಬ್ಬ ವ್ಯಕ್ತಿಯ ಹೆಸರೆಂಬುದು ಅನೇಕರಿಗೆ ತಿಳಿದಿರಲಾರದು. ಜಾನ್ ಲೌಡನ್ ಮೆಕಾಡಂ ಅವರು ಸಣ್ಣ ಜಲ್ಲಿಯ ರಸ್ತೆಗಾಗಿ ಜಗತ್ಪ್ರಸಿದ್ಧರು. ಸ್ಥಳೀಯ ಮಂಡಳಿಗಳು ರಸ್ತೆಗಳನ್ನು ಸುಸ್ಥಿತಿಯಲ್ಲಿಡುವ ವ್ಯವಸ್ಥೆಯಲ್ಲಿ ಅವರು ತಂದ ಸುಧಾರಣೆಯು ಅದಕ್ಕಿಂತ ಕಡಿಮೆ ಮಹತ್ವದ್ದಲ್ಲ.

ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ 1756ರಲ್ಲಿ ಜನಿಸಿದ ಮೆಕಾಡಂ, ತಂದೆಯ ಮರಣಾನಂತರ 1770ರಲ್ಲಿ ನ್ಯೂಯಾರ್ಕಿನಲ್ಲಿದ್ದ ಚಿಕ್ಕಪ್ಪನ ಬಳಿಗೆ ತೆರಳಿ ವ್ಯಾಪಾರದಲ್ಲಿ ಹಣ ಗಳಿಸಿದರು. ಅಮೆರಿಕದ ಸ್ವಾತಂತ್ರ್ಯ ಸಮರದ ತರುವಾಯ 1783ರಲ್ಲಿ ಸ್ವದೇಶಕ್ಕೆ ಮರಳಿ ಜಮೀನು ಕೊಂಡು ನೆಲೆಸಿದರು. ಅಲ್ಲಿನ ರಸ್ತೆ ಮಂಡಳಿಯ ಸದಸ್ಯರಾದಾಗ ಈ ವಿಷಯದಲ್ಲಿ ಆಸಕ್ತಿ ಮೂಡಿತು. ಕಲ್ಲಿದ್ದಲಿನಿಂದ ಡಾಂಬರು ತೆಗೆಯುವ ಉದ್ಯಮದಲ್ಲಿಯೂ ಅವರು ತೊಡಗಿದ್ದರು. ಹಡಗುಗಳ ತಳಕ್ಕೆ ಬಳಿಯಲು ಬಳಕೆಯಾಗುತ್ತಿದ್ದ ಆ ಡಾಂಬರನ್ನು ರಸ್ತೆಗೆ ಹಾಕುವ ಯೋಚನೆ ಮಾತ್ರ ಅವರ ವಿಧಾನದಲ್ಲಿ ಸೇರಲಿಲ್ಲವೆಂಬುದು ವಿಚಿತ್ರವೇ ಸರಿ.

ಅಂದಿನ ಇಂಗ್ಲೆಂಡಿನಲ್ಲಿ ರಸ್ತೆಗಳ ಹೊಣೆ ‘ಪ್ಯಾರಿಷ್’ ಎಂಬ ಗ್ರಾಮಮಟ್ಟದ ಆಡಳಿತ ಘಟಕಗಳದಾಗಿತ್ತು. 1555ರ ಕಾಯಿದೆಯಂತೆ ಗ್ರಾಮಸ್ಥರು ವರ್ಷಕ್ಕೆ ಕೆಲವು ದಿನ ರಸ್ತೆಗೆ ಬಿಟ್ಟಿ ದುಡಿಯಬೇಕಿತ್ತು. ಅದನ್ನು ನೋಡಿಕೊಳ್ಳುವ ಮೇಲ್ವಿಚಾರಕನಿಗೂ ಸಂಬಳವಿರಲಿಲ್ಲ. ಬಿಟ್ಟಿ ಕೆಲಸ ಹೇಗೆ ನಡೆಯುವುದೋ ಹಾಗೆಯೇ ಅದು ನಡೆಯುತ್ತಿತ್ತು. ಮುಖ್ಯ ಮಾರ್ಗಗಳನ್ನು ಸುಂಕದ ಕಟ್ಟೆಗಳ ಆದಾಯದಿಂದ ನಡೆಯುವ ವಿಶ್ವಸ್ತ ಮಂಡಳಿಗಳಿಗೆ ವಹಿಸಲಾಗಿತ್ತು. ಅವುಗಳಲ್ಲಿ ಹಲವು ತೀರ ಚಿಕ್ಕವು, ಸಾಲದಲ್ಲಿ ಮುಳುಗಿದವು. ಕೆಲಸ ಬಲ್ಲ ಮೇಲ್ವಿಚಾರಕರೂ ವಿರಳವಾಗಿದ್ದರು. ರಸ್ತೆ ಕೆಟ್ಟಾಗಲೆಲ್ಲ ಮತ್ತಷ್ಟು ಕಲ್ಲು, ಮಣ್ಣು ಸುರಿಯುವುದೇ ದುರಸ್ತಿ ಎನಿಸಿತ್ತು. ಮಳೆ ಬಂದರೆ ಮಣ್ಣು ಕೆಸರಾಗಿ, ದೊಡ್ಡ ಕಲ್ಲುಗಳು ಗಾಲಿಗಳ ಹೊಡೆತಕ್ಕೆ ಎದ್ದು ಬರುತ್ತಿದ್ದವು.

ಮೆಕಾಡಂ ಅವರು 1798ರಿಂದ ಮುಂದಿನ ಅನೇಕ ವರ್ಷ ಸ್ವಂತ ಖರ್ಚಿನಲ್ಲಿ ಸಾವಿರಾರು ಮೈಲಿ ಸಂಚರಿಸಿ ರಸ್ತೆಗಳನ್ನು ಪರಿಶೀಲಿಸಿದರು. 1816ರಲ್ಲಿ, ಅರವತ್ತರ ಅಂಚಿನಲ್ಲಿದ್ದಾಗ, ಬ್ರಿಸ್ಟಲ್ ಮಂಡಳಿಯ ಪ್ರಧಾನ ಮೇಲ್ವಿಚಾರಕರಾಗಿ ನೇಮಕಗೊಂಡರು.

ಬ್ರಿಸ್ಟಲ್‌ನಲ್ಲಿ ಅವರು ಮೊದಲಿಗೆ ಹೊಸ ಕಲ್ಲು ತರಿಸಲಿಲ್ಲ. ರಸ್ತೆಯಲ್ಲಿ ಬೇಕಾದಷ್ಟು ಕಲ್ಲು ಈಗಾಗಲೇ ಹೂತುಹೋಗಿದೆಯೆಂಬುದು ಅವರ ಎಣಿಕೆ. ಮೇಲ್ಪದರವನ್ನು ಸುಮಾರು ನಾಲ್ಕು ಅಂಗುಲ ಅಗೆದು, ದಪ್ಪ ಕಲ್ಲುಗಳನ್ನು ರಸ್ತೆಯ ಬದಿಯಲ್ಲಿಯೇ ಒಡೆಯಿಸಿ, ಅದೇ ಜಲ್ಲಿಯನ್ನು ಪದರ ಪದರವಾಗಿ ಹರಡಿಸಿದರು. ಯಾವ ಜಲ್ಲಿಯೂ 6 ಔನ್ಸ್, ಅಂದರೆ ಸುಮಾರು 170 ಗ್ರಾಂ ಮೀರಬಾರದೆಂದು ನಿಯಮ ಮಾಡಿ, ತೂಗಿ ನೋಡಲು ಮೇಲ್ವಿಚಾರಕರು ತಕ್ಕಡಿ ಇಟ್ಟುಕೊಳ್ಳುವಂತೆ ಮಾಡಿದರು. ಕುಳಿತು ಸಣ್ಣ ಸುತ್ತಿಗೆಯಿಂದ ಒಡೆಯುವ ಕ್ರಮ ಬಂದುದರಿಂದ ಸ್ತ್ರೀಯರಿಗೂ ವೃದ್ಧರಿಗೂ ಕೂಲಿ ದೊರೆಯಿತು; ಮಕ್ಕಳನ್ನೂ ದುಡಿಸಲಾಯಿತೆಂಬುದು ಇಂದು ಒಪ್ಪತಕ್ಕ ಮಾತಲ್ಲ. ರಸ್ತೆಯನ್ನು ಅಕ್ಕಪಕ್ಕದ ನೆಲಕ್ಕಿಂತ ಎತ್ತರಿಸಿ, ನಡುವಿನಿಂದ ಅಲ್ಪ ಇಳಿಜಾರು ಕೊಟ್ಟು, ಚರಂಡಿಗಳಿಂದ ನೀರು ಹೊರಹೋಗುವಂತೆ ನೋಡಿಕೊಳ್ಳಲಾಯಿತು. ಭಾರವನ್ನು ಹೊರುವುದು ಒಣಗಿದ ನೆಲ, ಜಲ್ಲಿಯ ಪದರ ಅದಕ್ಕೊಂದು ಸೂರು ಮಾತ್ರ ಎಂಬುದು ಅವರ ತತ್ವ. ಆದ್ದರಿಂದಲೇ ಥಾಮಸ್ ಟೆಲ್ಫರ್ಡ್ ಅವರು ಹಾಕಿಸುತ್ತಿದ್ದ ದುಬಾರಿ ಕಲ್ಲಿನ ಅಡಿಪಾಯವನ್ನು ಮೆಕಾಡಂ ಅನಗತ್ಯವೆಂದು ಬಗೆದರು. ಜಲ್ಲಿಯೊಡನೆ ಮಣ್ಣು ಬೆರೆಸುವುದನ್ನೂ ಅವರು ಒಪ್ಪುತ್ತಿರಲಿಲ್ಲ. ಕರ್ನಾಟಕದ ಗ್ರಾಮೀಣ ರಸ್ತೆಗಳಲ್ಲಿ ಪರಿಚಿತವಾಗಿರುವ, ನೀರು ಹಾಗೂ ಗ್ರಾವೆಲ್ ಮಣ್ಣಿನಿಂದ ಬಿಗಿಗೊಳಿಸುವ ವಾಟರ್ ಬೌಂಡ್ ಮೆಕಾಡಂ ಅವರ ಹೆಸರನ್ನು ಹೊತ್ತಿದ್ದರೂ ನಂತರದ ಮಾರ್ಪಾಡಾಗಿದೆ.

ಆಡಳಿತದ ವಿಷಯದಲ್ಲಿಯೂ ಅವರ ನಿಲುವು ಅಷ್ಟೇ ಖಚಿತವಾಗಿತ್ತು. ಚಿಕ್ಕ ಮಂಡಳಿಗಳನ್ನು ಒಗ್ಗೂಡಿಸಬೇಕು, ತರಬೇತಿ ಪಡೆದವರನ್ನು ತಕ್ಕ ಸಂಬಳ ಕೊಟ್ಟು ನೇಮಿಸಬೇಕು, ಖರ್ಚಿನ ಲೆಕ್ಕ ಇಡಬೇಕು ಎಂದು 1816 ಮತ್ತು 1819ರಲ್ಲಿ ಪ್ರಕಟವಾದ ಗ್ರಂಥಗಳಲ್ಲಿಯೂ ಸಂಸತ್ತಿನ ಸಮಿತಿಗಳ ಮುಂದೆಯೂ ಪ್ರತಿಪಾದಿಸಿದರು. ಟೀಕೆಗಳೂ ಬಂದವು. ಅವರ ಪುತ್ರರೇ ಹಲವು ಮಂಡಳಿಗಳಲ್ಲಿ ಹುದ್ದೆ ಪಡೆದುದು ಆಕ್ಷೇಪಣೆಗೆ ಗುರಿಯಾಯಿತು. ಆ ಆಕ್ಷೇಪಣೆ ನಿರಾಧಾರವೆನ್ನಲಾಗದು. ತಾವು ವೆಚ್ಚ ಮಾಡಿದ ಹಣವನ್ನು ಕೋರಿ ಸಲ್ಲಿಸಿದ ಮನವಿಯನ್ನು 1823ರಲ್ಲಿ ಸಂಸತ್ತಿನ ಸಮಿತಿಯೊಂದು ವಿಚಾರಣೆ ನಡೆಸಿತು.

1826ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ಉತ್ತರದ 14 ಮಂಡಳಿಗಳನ್ನು ವಿಲೀನಗೊಳಿಸಿ ಒಂದೇ ಆಡಳಿತಕ್ಕೆ ತರಲಾಯಿತು. ಪುತ್ರ ಜೇಮ್ಸ್ ಅದರ ಮೇಲ್ವಿಚಾರಕರಾದರು. ತಂದೆ ನಿರಾಕರಿಸಿದ ‘ಸರ್’ ಪದವಿ 1834ರಲ್ಲಿ ಈ ಮಗನಿಗೆ ಸಂದಿತು. ಮರುವರ್ಷದ ಹೆದ್ದಾರಿ ಕಾಯಿದೆಯು ಬಿಟ್ಟಿ ದುಡಿಮೆಯನ್ನು ರದ್ದುಪಡಿಸಿ, ರಸ್ತೆ ತೆರಿಗೆಗೂ ಸಂಬಳದ ಮೇಲ್ವಿಚಾರಕರ ನೇಮಕಕ್ಕೂ ಅವಕಾಶ ಕಲ್ಪಿಸಿತು. ಅದನ್ನು ಕಂಡ ಮೆಕಾಡಂ ಅವರು, ಸ್ಕಾಟ್ಲೆಂಡಿಗೆ ಭೇಟಿ ನೀಡಿ ಹಿಂದಿರುಗುತ್ತಿದ್ದಾಗ, 1836ರ ನವೆಂಬರ್ 26ರಂದು ಮೊಫಟ್ ಪಟ್ಟಣದಲ್ಲಿ ನಿಧನರಾದರು. ಅವರ ಜಲ್ಲಿಗೆ ಡಾಂಬರು ಬೆರೆಸಿ ಸಿದ್ಧಪಡಿಸಿದ ‘ಟಾರ್‌ಮ್ಯಾಕ್’ಗೆ 1902ರಲ್ಲಿ ಹಕ್ಕುಸ್ವಾಮ್ಯ ಪಡೆದ ಎಡ್ಗರ್ ಹೂಲಿ ಅವರು ನಾಟಿಂಗ್‌ಹ್ಯಾಮ್‌ಷೈರ್ ಜಿಲ್ಲಾಡಳಿತದ ರಸ್ತೆ ಮೇಲ್ವಿಚಾರಕರಾಗಿದ್ದರು.